ಹಳೆಯ ಎಚ್‌ಎಂಟಿ ವಾಚುಗಳಿಗಾಗಿ ಆನ್‌ಲೈನ್ ಹರಾಜು: ಹಾಸನದ ಬಳಕೆದಾರನೊಬ್ಬನ ವಿಮರ್ಶೆ

ಕೀ ಕೊಡುವ ಹಳೆಯ ಎಚ್‌ಎಂಟಿ ವಾಚುಗಳನ್ನು ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವ ಮತ್ತು ಮಾರುವ ಹವ್ಯಾಸ ನನಗೆ ಇಬೇಯ ಭಾರತೀಯ ತಾಣವಿದ್ದ ಕಾಲದಿಂದಲೂ ಇದೆ. ಆ ತಾಣ 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಅನಂತರ ಇಬೇಯ ಅಂತರರಾಷ್ಟ್ರೀಯ ತಾಣವನ್ನೂ, ನಾಣ್ಯ, ಅಂಚೆಚೀಟಿ, ವಾಚುಗಳಿಗೆಂದೇ ಇರುವ ಸಣ್ಣಪುಟ್ಟ ದೇಶೀ ತಾಣಗಳನ್ನೂ, ಫೇಸ್‌ಬುಕ್ ಮತ್ತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಡೆಯುವ ಹರಾಜುಗಳನ್ನೂ ಹಾಸನದಲ್ಲಿ ಕುಳಿತೇ ಬಳಸಿದ್ದೇನೆ. ಬೆಲೆ ಇಷ್ಟೇ ಎಂದು ಯಾರೂ ಖಚಿತವಾಗಿ ಹೇಳಲಾಗದ ವಸ್ತುವಿಗೆ ಹರಾಜಿನಷ್ಟು ನ್ಯಾಯವಾದ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ವಸ್ತು ಕೈಸೇರುವವರೆಗೆ ಹಣವನ್ನು ತನ್ನ ಬಳಿ ಇಟ್ಟುಕೊಳ್ಳದ ತಾಣದಲ್ಲಿ, ಎಷ್ಟು ಒಳ್ಳೆಯ ವಾಚು ಕಂಡರೂ ಬಿಡ್ ಮಾಡಬಾರದು.

ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಎಚ್‌ಎಂಟಿ ವಾಚುಗಳ ತಯಾರಿಕೆ ಆರಂಭವಾಯಿತು. ಮುಂದಿನ ಮೂರು ದಶಕಗಳಲ್ಲಿ ನಮ್ಮ ಕಡೆ ಮದುವೆಯ ಉಡುಗೊರೆಗಾಗಲಿ, ನಿವೃತ್ತಿಯ ಕಾಣಿಕೆಗಾಗಲಿ ಎಚ್‌ಎಂಟಿ ಎಂದರೆ ಬೇರೆ ಮಾತೇ ಇರಲಿಲ್ಲ. ವಾಚು ಘಟಕವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆದ ಮೇಲೆ ಈ ಹಳೆಯ ವಾಚುಗಳ ಬೆಲೆಗೆ ಯಾವ ಅಳತೆಗೋಲೂ ಉಳಿಯಲಿಲ್ಲ. ಕಪ್ಪು ಡಯಲ್‌ನ ‘ಪೈಲಟ್’ ಎಂಬ ಎಚ್‌ಎಂಟಿ ಮಾದರಿಯ ವಾಚೊಂದಕ್ಕೆ ರಿಪೇರಿ ಅಂಗಡಿಯವರು ಒಂದು ಬೆಲೆ ಹೇಳಿದರೆ, ಬೆಂಗಳೂರಿನ ಹಳೆಯ ವಸ್ತುಗಳ ವ್ಯಾಪಾರಿ ಅದರ ಮೂರರಷ್ಟು ಹೇಳುತ್ತಾರೆ. ಇಬ್ಬರ ಮಾತನ್ನೂ ಸುಳ್ಳೆನ್ನಲಾಗದು. ಅಂಥ ವಾಚನ್ನು ಹರಾಜಿಗಿಟ್ಟಾಗ, ಅದು ಬೇಕೇ ಬೇಕೆನ್ನುವ ಇಬ್ಬರು ಪೈಪೋಟಿಗೆ ಬಿದ್ದು ನಿಲ್ಲುವ ಮೊತ್ತವೇ ಆ ಹೊತ್ತಿನ ನಿಜವಾದ ಬೆಲೆ.

ಬಿಡ್ ಮಾಡುವ ಕ್ರಮ ಹೊಸಬರಿಗೆ ಗೊಂದಲ ಹುಟ್ಟಿಸುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಬೇಯಂಥ ತಾಣಗಳಲ್ಲಿ ನೀವು ಕೊಡಲು ಸಿದ್ಧವಿರುವ ಗರಿಷ್ಠ ಮೊತ್ತವನ್ನು ಒಮ್ಮೆ ನಮೂದಿಸಿದರೆ ಸಾಕು. ತಾಣವೇ ನಿಮ್ಮ ಪರವಾಗಿ ಅಗತ್ಯವಿದ್ದಷ್ಟು ಮಾತ್ರ ಏರಿಸುತ್ತಾ ಹೋಗುತ್ತದೆ. ನಾನು 2,500 ರೂಪಾಯಿ ನಮೂದಿಸಿ, ಎದುರಾಳಿಯ ಗರಿಷ್ಠ ಮೊತ್ತ 1,800 ಆಗಿದ್ದರೆ, ವಾಚು ನನಗೆ 1,800ಕ್ಕಿಂತ ಒಂದು ಮೆಟ್ಟಿಲು ಹೆಚ್ಚಿಗೆ ದಕ್ಕುತ್ತದೆ. ಆದ್ದರಿಂದ ಮನಸ್ಸಿನಲ್ಲಿರುವ ಕೊನೆಯ ಮೊತ್ತವನ್ನೇ ಬರೆದು ಸುಮ್ಮನಿರುವುದು ಲೇಸು. ಕೊನೆಯ ಕ್ಷಣದಲ್ಲಿ ಬಿಡ್ ಹಾಕುವವರು ಗೆಲ್ಲುವುದು, ಎದುರಿನವರು ತಮ್ಮ ನಿಜವಾದ ಗರಿಷ್ಠ ಮೊತ್ತವನ್ನು ಮೊದಲೇ ನಮೂದಿಸದೆ ನೂರು ನೂರು ರೂಪಾಯಿಯಂತೆ ಏರಿಸುತ್ತಾ ಕುಳಿತಾಗ. ಕೆಲವು ತಾಣಗಳು ಕೊನೆಯ ನಿಮಿಷದಲ್ಲಿ ಬಿಡ್ ಬಂದರೆ ಅವಧಿಯನ್ನು ಕೆಲವು ನಿಮಿಷ ತಾವಾಗಿಯೇ ವಿಸ್ತರಿಸುತ್ತವೆ. ನನ್ನ ಮಟ್ಟಿಗೆ ಅದೇ ಹೆಚ್ಚು ನ್ಯಾಯವಾದ ಪದ್ಧತಿ.

ನಮ್ಮ ಜಿಲ್ಲೆಯವರಿಗೆ ಹರಾಜು ಅಪರಿಚಿತವೇನಲ್ಲ. ಆದರೆ ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಯ ಇ-ಟೆಂಡರ್‌ನಲ್ಲಿ ವರ್ತಕರು ಒಬ್ಬರ ದರ ಇನ್ನೊಬ್ಬರಿಗೆ ಕಾಣದಂತೆ ನಮೂದಿಸುತ್ತಾರೆ, ದರ ಒಪ್ಪಿಗೆಯಾಗದಿದ್ದರೆ ಬೆಳೆಗಾರರು ಮಾರಾಟವನ್ನು ನಿರಾಕರಿಸಬಹುದು. ಈ ತಾಣಗಳಲ್ಲಿ ಆ ಸವಲತ್ತು ಇಲ್ಲ. ಕನಿಷ್ಠ ಮೀಸಲು ಬೆಲೆಯನ್ನು ಮೊದಲೇ ನಿಗದಿ ಮಾಡದಿದ್ದರೆ, ಬಂದ ಒಂದೇ ಒಂದು ಬಿಡ್‌ಗೆ ವಾಚು ಕೊಟ್ಟುಬಿಡಬೇಕಾಗುತ್ತದೆ.

ಕೊಳ್ಳುವವರು ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಚಿತ್ರಗಳಿಗೆ. ಎಚ್‌ಎಂಟಿ ಹೆಸರಿನಲ್ಲಿ ಹರಾಜಿಗೆ ಬರುವ ವಾಚುಗಳಲ್ಲಿ ಡಯಲ್‌ಗೆ ಹೊಸದಾಗಿ ಬಣ್ಣ ಬಳಿದು ಅಕ್ಷರ ಮುದ್ರಿಸಿದವು ಬಹಳ. ಕಡು ಕಿತ್ತಳೆ, ಗುಲಾಬಿ, ಗಿಳಿ ಹಸಿರು ಬಣ್ಣದ ಡಯಲ್ ಕಂಡರೆ ಮೊದಲು ಅನುಮಾನಿಸಬೇಕು. ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಮೂಲ ಡಯಲ್‌ನಲ್ಲಿ ‘17 ಜ್ಯುವೆಲ್ಸ್’ ಎಂಬ ಸಣ್ಣ ಅಕ್ಷರಗಳ ಅಂಚು ಸ್ಪಷ್ಟವಾಗಿರುತ್ತದೆ. ಮರುಮುದ್ರಿಸಿದ್ದರಲ್ಲಿ ಅಕ್ಷರಗಳು ದಪ್ಪವಾಗಿ ಹರಡಿಕೊಂಡಿರುತ್ತವೆ, ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ನೇರವಾಗಿ ಕೂರುವುದಿಲ್ಲ. ಎರಡನೆಯದಾಗಿ, ಹಿಂಬದಿಯ ಮುಚ್ಚಳ ತೆಗೆದು ಒಳಗಿನ ಮಷಿನ್‌ನ ಚಿತ್ರ ಹಾಕಿದ್ದಾರೆಯೇ ಎಂದು ನೋಡಬೇಕು. ಹಾಕಿಲ್ಲದಿದ್ದರೆ ಕೇಳಬೇಕು, ಕೇಳಿದರೂ ಕೊಡದವರ ವಾಚನ್ನು ಬಿಟ್ಟುಬಿಡಬೇಕು. ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಲ್ಲಿ ಮಳೆಗಾಲದ ತೇವ ಕುಡಿದ ವಾಚುಗಳು ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣುತ್ತವೆ, ಮುಚ್ಚಳ ತೆಗೆದರೆ ಕೀಯ ಕಡ್ಡಿಯ ಸುತ್ತ ತುಕ್ಕು ಹಿಡಿದಿರುತ್ತದೆ. ವಾಚು ಓಡುತ್ತಿದೆ ಎಂಬ ಒಂದು ಸಾಲಿನ ವಿವರಣೆಗೆ ನಾನು ಯಾವ ಬೆಲೆಯನ್ನೂ ಕೊಡುವುದಿಲ್ಲ.

ಮಾರಾಟಗಾರರ ಅಂಕಗಳನ್ನೂ ಹಾಗೆಯೇ ಒಳಹೊಕ್ಕು ನೋಡಬೇಕು. ನೂರಕ್ಕೆ ತೊಂಬತ್ತೊಂಬತ್ತು ಅಂಕವಿದ್ದರೂ ಅದು ಮೊಬೈಲ್ ಕವರ್ ಮಾರಿ ಗಳಿಸಿದ್ದಾಗಿರಬಹುದು. ಅವರು ಹಿಂದೆ ವಾಚು ಮಾರಿದ್ದಾರೆಯೇ, ಅತೃಪ್ತರಾದವರು ಏನು ಬರೆದಿದ್ದಾರೆ ಎಂಬ ಎರಡು ಸಂಗತಿಗಳು ನನಗೆ ಒಟ್ಟು ಅಂಕಕ್ಕಿಂತ ಮುಖ್ಯ.

ಇನ್ನು ಹಣದ ವಿಚಾರ. ಇಬೇಯ ಭಾರತೀಯ ತಾಣದಲ್ಲಿ ಪೈಸಾಪೇ ಎಂಬ ವ್ಯವಸ್ಥೆಯಿತ್ತು. ಕೊಳ್ಳುವವರು ಕೊಟ್ಟ ಹಣ ಅಲ್ಲಿಯೇ ಉಳಿದು, ವಸ್ತು ತಲುಪಿದ ಮೇಲೆ ಮಾರಾಟಗಾರರಿಗೆ ಸಂದಾಯವಾಗುತ್ತಿತ್ತು. ಅಪರಿಚಿತರ ನಡುವಿನ ವ್ಯಾಪಾರಕ್ಕೆ ಅದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ಕಂಡಿಲ್ಲ. ಆಮೇಲೆ ಒಂದು ದೇಶೀ ತಾಣದಲ್ಲಿ ಕೊಂಡ ಪೈಲಟ್ ವಾಚು ಮನೆಗೆ ಬಂದಾಗ, ಚಿತ್ರದಲ್ಲಿದ್ದ ಡಯಲ್ ಬೇರೆ, ಪೊಟ್ಟಣದಲ್ಲಿದ್ದ ಡಯಲ್ ಬೇರೆ. ಪೊಟ್ಟಣ ಬಿಚ್ಚುವುದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡಿದ್ದೆ, ಹಣವೂ ಇನ್ನೂ ತಾಣದ ಬಳಿಯೇ ಇತ್ತು. ಹಾಗಾಗಿ ಕೊರಿಯರ್ ವೆಚ್ಚ ಬಿಟ್ಟು ಉಳಿದದ್ದು ವಾಪಸು ಬಂತು. ಇಂಥ ಸಂದರ್ಭದಲ್ಲಿ 2020ರ ಇ-ವಾಣಿಜ್ಯ ಗ್ರಾಹಕ ಸಂರಕ್ಷಣಾ ನಿಯಮಗಳು ನಮ್ಮ ಬೆನ್ನಿಗಿವೆ. ತಾಣವು ಕುಂದುಕೊರತೆ ಅಧಿಕಾರಿಯನ್ನು ನೇಮಿಸಿರಬೇಕು, ದೂರು ಬಂದದ್ದನ್ನು 48 ಗಂಟೆಗಳೊಳಗೆ ದೃಢಪಡಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ವಾಟ್ಸ್‌ಆ್ಯಪ್ ಗುಂಪುಗಳ ಹರಾಜಿನಲ್ಲಿ ಈ ಯಾವ ರಕ್ಷಣೆಯೂ ಇಲ್ಲ. ಗುಂಪಿಗೆ ಹಾಕಿದ ಸಂದೇಶವೇ ಬಿಡ್, ಗೆದ್ದವರು ಯುಪಿಐ ಮೂಲಕ ನೇರವಾಗಿ ಹಣ ಕಳಿಸಬೇಕು. ಅಪರೂಪದ ವಾಚುಗಳು ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ ಎಂಬುದು ನಿಜವಾದರೂ, ಪರಿಚಿತರ ಪರಿಚಯವಿಲ್ಲದವರಿಗೆ ಹಣ ಕಳಿಸಬೇಡಿ ಎಂದೇ ಹೇಳುತ್ತೇನೆ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣವನ್ನು ಮುಂದಿನ ಖಾತೆಗೆ ದಾಟಿಸುವ ಮುನ್ನ ತಡೆಹಿಡಿಯಲು ಸಾಧ್ಯವಾಗುವುದು ಬೇಗ ತಿಳಿಸಿದಾಗ ಮಾತ್ರ. ಹಳೆಯ ನಾಣ್ಯ, ನೋಟುಗಳಿಗೆ ಲಕ್ಷಗಟ್ಟಲೆ ಕೊಡುತ್ತೇವೆಂದು ಮೊದಲು ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲಿಯೇ ಎಚ್ಚರಿಸಿದೆ.

ನಾನು ವಾಚು ಮಾರುವುದು ತಿಳಿದ ಬಂಧುಗಳು ಮನೆಯ ಅಟ್ಟದ ಮೇಲಿನ ವಸ್ತುಗಳನ್ನೂ ಮಾರಿಕೊಡೆಂದು ಕೇಳುವುದುಂಟು. ನೂರು ವರ್ಷ ದಾಟಿದ ವಿಗ್ರಹ, ನಾಣ್ಯ, ಕುಶಲ ವಸ್ತುಗಳು, 75 ವರ್ಷ ದಾಟಿದ ಮೌಲಿಕ ಹಸ್ತಪ್ರತಿಗಳು 1972ರ ಕಾಯ್ದೆಯಂತೆ ಪುರಾವಸ್ತುಗಳು. ಖಾಸಗಿಯವರು ಅವನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಜಿಂಕೆಯ ಕೊಂಬು, ಹುಲಿಯ ಉಗುರುಗಳ ಮಾರಾಟವಂತೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಎಚ್‌ಎಂಟಿ ವಾಚುಗಳಿಗೆ ಈ ತೊಡಕಿಲ್ಲ.

ಕೊಳ್ಳುವವನಾಗಿ ನಾನು ಈ ತಾಣಗಳಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಮಾರುವವನಾಗಿ ಎರಡೂವರೆಗಿಂತ ಹೆಚ್ಚು ಕೊಡಲಾರೆ. ತಾಣದ ಶುಲ್ಕ, ಪ್ಯಾಕಿಂಗ್, ಸ್ಪೀಡ್ ಪೋಸ್ಟ್ ವೆಚ್ಚ ಇವೆಲ್ಲ ಕಳೆದರೆ ಎಚ್‌ಎಂಟಿಯ ಸಾಮಾನ್ಯ ಮಾದರಿಯಾದ ‘ಜನತಾ’ ವಾಚಿನಲ್ಲಿ ಉಳಿಯುವುದು ಬಹಳ ಕಡಿಮೆ. ಅಂಥ ವಾಚಿಗೆ ಇಬ್ಬರು ಬಿಡ್‌ದಾರರು ಸಿಗುವುದೂ ಅಪರೂಪ. ಆದ್ದರಿಂದ ಜನತಾ ವಾಚುಗಳನ್ನು ಸರ್ವಿಸ್ ಮಾಡಿಸಿ, ಒಂದೇ ದರ ಹೇಳಿ ಹಾಸನದಲ್ಲಿಯೇ ಕೊಡುತ್ತೇನೆ. ಮೂಲ ಡಯಲ್ ಕೆಡದೆ ಉಳಿದಿರುವ ಪೈಲಟ್‌ನಂಥವನ್ನು ಮಾತ್ರ ಹರಾಜಿಗೆ ಹಾಕುತ್ತೇನೆ. ಮೀಸಲು ಬೆಲೆ ನಿಗದಿ ಮಾಡಿ, ಮಷಿನ್‌ನ ಚಿತ್ರ ಸೇರಿಸಿ, ಗಾಜಿನ ಮೇಲಿನ ಗೀರನ್ನೂ ವಿವರಣೆಯಲ್ಲಿ ಬರೆದು. ಗೀರು ಬರೆದದ್ದರಿಂದ ಬೆಲೆ ಇಳಿದದ್ದನ್ನು ನಾನು ಕಂಡಿಲ್ಲ. ಅದನ್ನು ಓದಿದವರು ಉಳಿದ ವಿವರಗಳನ್ನೂ ನಂಬಿ ಬಿಡ್ ಮಾಡುತ್ತಾರೆ.