ಯುಡೈಸ್ ಪ್ಲಸ್ ಶಾಲಾ ವರದಿ: ಪಾವಗಡ ಕಡೆಯ ಸಣ್ಣ ಹೈಸ್ಕೂಲಿಗೆ ಎಷ್ಟು ಉಪಯೋಗ?

ಮಗುವನ್ನು ಎಂಟನೇ ತರಗತಿಗೆ ಸೇರಿಸುವ ಮುಂಚೆ ಶಾಲೆಯ ಜಾತಕ ನೋಡಬೇಕೆಂದರೆ ಕೇಂದ್ರ ಸರ್ಕಾರದ ಶಾಲಾ ಮಾಹಿತಿ ಜಾಲತಾಣವಾದ ಯುಡೈಸ್ ಪ್ಲಸ್‌ನ ‘ನೋ ಯುವರ್ ಸ್ಕೂಲ್’ ಪುಟಕ್ಕಿಂತ ಒಳ್ಳೆಯದು ಪುಕ್ಕಟೆಗೆ ಸಿಗುವುದಿಲ್ಲ. ಲಾಗಿನ್ ಬೇಕಿಲ್ಲ, ಶಾಲೆ ಹುಡುಕಿ ವರದಿ ತೆರೆದರಾಯಿತು. ಆದರೆ ಐವತ್ತು ಅರವತ್ತು ಮಕ್ಕಳ ಹಳ್ಳಿ ಹೈಸ್ಕೂಲಿನ ವಿಚಾರದಲ್ಲಿ ಅಲ್ಲಿನ ಅಂಕಿಯನ್ನು ಕಂಡಂತೆಯೇ ನಂಬಿದರೆ ಮೋಸ ಹೋಗುತ್ತೀರಿ.

ಮೊದಲ ಎಡವು ಜಿಲ್ಲೆ ಆರಿಸುವಲ್ಲೇ. ತುಮಕೂರು ಕಂದಾಯ ಜಿಲ್ಲೆ ಒಂದೇ ಆದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಬರೀ ತುಮಕೂರು ಆರಿಸಿ ಪಾವಗಡ ಹುಡುಕಿದರೆ ಸಿಗದು. ಹೆಸರು ಹಾಕಿ ಹುಡುಕುವುದೂ ತಲೆನೋವು. ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ, ಸರ್ಕಾರಿ ಪ್ರೌಢಶಾಲೆ ಎಂಬುದು ಕೆಲವು ಕಡೆ ಬರೀ ಜಿಎಚ್‌ಎಸ್. ಶಾಲೆಗೆ ಫೋನ್ ಮಾಡಿ 11 ಅಂಕಿಯ ಯುಡೈಸ್ ಕೋಡ್ ಕೇಳಿಕೊಳ್ಳುವುದೇ ಸಲೀಸು. ಅದರ ಮೊದಲೆರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲೆ ಜಿಲ್ಲೆ, ಬ್ಲಾಕ್, ಊರು, ಕೊನೆಯ ಎರಡು ಶಾಲೆಯದು.

ವರದಿಯಲ್ಲಿ ಕಟ್ಟಡ, ಶೌಚಾಲಯ, ಕಂಪ್ಯೂಟರ್ ಇತ್ಯಾದಿ ಸಾಲುಗಳಿವೆ. ಅವು ಶಾಲೆಯವರೇ ತುಂಬಿ ಕೊಟ್ಟದ್ದು. ಶೌಚಾಲಯ ಇದೆ ಎಂದಿದ್ದರೆ ನೀರು ಬರುತ್ತದೆಂದು ಅರ್ಥವಲ್ಲ, ಹೋಗಿ ನೋಡಿ.

ನಿಜವಾದ ಸರಕು ತರಗತಿವಾರು ದಾಖಲಾತಿಯಲ್ಲಿದೆ. ಒಂದೇ ವರ್ಷದ ವರದಿ ನೋಡಿ ಬಿಡಬೇಡಿ. ವರ್ಷ ಬದಲಿಸುತ್ತಾ ಒಂದೇ ಗುಂಪನ್ನು ಹಿಂಬಾಲಿಸಿ: 2021-22ರ ಎಂಟನೇ ತರಗತಿ, 2022-23ರ ಒಂಬತ್ತು, 2023-24ರ ಹತ್ತು. ಉದಾಹರಣೆಗೆ 24, 23, 22 ಎಂದು ಬಂದರೆ ಶಾಲೆ ಮಕ್ಕಳನ್ನು ಹಿಡಿದಿಟ್ಟುಕೊಂಡಿದೆ. 24, 25, 15 ಎಂದು ಬಂದರೆ ಒಂಬತ್ತರಿಂದ ಹತ್ತಕ್ಕೆ ಹೋಗುವಾಗ ಹತ್ತು ಮಕ್ಕಳು ಎಲ್ಲಿ ಹೋದರು ಎಂದು ಕೇಳಲೇಬೇಕು. ಗೇಟಿನ ಮೇಲೆ ‘ನೂರಕ್ಕೆ ನೂರು ಫಲಿತಾಂಶ’ ಎಂಬ ಬ್ಯಾನರ್ ಇದ್ದರಂತೂ ಇನ್ನೂ ಒತ್ತಿ ಕೇಳಿ. ಸೋಲುವ ಮಕ್ಕಳನ್ನು ಒಂಬತ್ತರಲ್ಲೇ ತಡೆಯುವುದು, ಟಿಸಿ ಕೊಟ್ಟು ಕಳಿಸುವುದು ಇದೆಲ್ಲ ಗೊತ್ತಿರುವ ಚಾಳಿಯೇ. ಎಂಟಕ್ಕಿಂತ ಒಂಬತ್ತರಲ್ಲಿ ಮಕ್ಕಳು ಜಾಸ್ತಿ ಕಂಡರೆ ಗಾಬರಿ ಬೇಡ: ಅಕ್ಕಪಕ್ಕದ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎಂಟನೇ ತರಗತಿವರೆಗೆ ಇದ್ದು, ಆ ಮಕ್ಕಳು ಒಂಬತ್ತಕ್ಕೆ ಇಲ್ಲಿಗೆ ಬಂದಿರುತ್ತಾರೆ.

ಸಾಮಾಜಿಕ ವರ್ಗದ ಅಂಕಿಗಳನ್ನು ಊರಿನ ಜಾತಿ ಲೆಕ್ಕ ಎಂದುಕೊಳ್ಳಬೇಡಿ. ಹತ್ತಿರದಲ್ಲಿ ಮೆಟ್ರಿಕ್ ಪೂರ್ವ ಹಾಸ್ಟೆಲ್ ಇದ್ದರೆ ದೂರದ ಹಳ್ಳಿಗಳ ಪರಿಶಿಷ್ಟ ಮಕ್ಕಳೂ ಇದೇ ಶಾಲೆಗೆ ಸೇರಿರುತ್ತಾರೆ. ನಮ್ಮ ರಾಜ್ಯದ ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂಬ ವಿಂಗಡಣೆ ಅಲ್ಲಿ ಕಾಣುವುದಿಲ್ಲ, ಹಿಂದುಳಿದವರೆಲ್ಲ ಒಂದೇ ಕಾಲಮ್ಮು. ಹುಡುಗಿಯರು ಹುಡುಗರಿಗಿಂತ ತುಂಬಾ ಜಾಸ್ತಿ ಇದ್ದರೆ ಬಹಳ ಸಲ ಅದಕ್ಕೆ ಕಾರಣ ಒಂದೇ: ಹುಡುಗರನ್ನು ಫೀಸು ಕಟ್ಟಿ ವ್ಯಾನಿನಲ್ಲಿ ಇಂಗ್ಲಿಷ್ ಮೀಡಿಯಮ್ಮಿಗೆ ಕಳಿಸಿರುತ್ತಾರೆ.

ಪಾವಗಡಕ್ಕೆ ಸೀಮಿತವಾದ ಇನ್ನೊಂದು ಕೊರತೆಯಿದೆ. ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರ. ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ವರದಿ ಬೋಧನಾ ಮಾಧ್ಯಮ ಕನ್ನಡ ಎನ್ನುತ್ತದೆ, ಮನೆಮಾತು ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿಯ 625 ಅಂಕದಲ್ಲಿ 125 ಪ್ರಥಮ ಭಾಷೆಯದೇ ಆದ್ದರಿಂದ ಇದು ಸಣ್ಣ ವಿಷಯವಲ್ಲ. ಕನ್ನಡದಲ್ಲಿ ಎಷ್ಟು ಮಕ್ಕಳು ಫೇಲಾದರು ಎಂದು ಬೇರೆಯಾಗಿಯೇ ವಿಚಾರಿಸಿ.

ಶಿಕ್ಷಕರ ಭಾಗ ಅತ್ಯಂತ ಮೋಸದ್ದು, ನನ್ನ ಪ್ರಕಾರ. 60 ಮಕ್ಕಳಿಗೆ 7 ಶಿಕ್ಷಕರು ಎಂದರೆ ಒಬ್ಬರಿಗೆ ಒಂಬತ್ತು ಮಕ್ಕಳೂ ಇಲ್ಲ, ನಗರದ ಯಾವ ಶಾಲೆಯೂ ಹತ್ತಿರ ಬರಲಾರದು. ಆದರೆ ಹೈಸ್ಕೂಲಿನಲ್ಲಿ ವಿಷಯಕ್ಕೊಬ್ಬರು. ಪಿಸಿಎಂ (ಭೌತ, ರಸಾಯನ, ಗಣಿತ ಓದಿದ) ಮೇಷ್ಟ್ರು ವರ್ಗವಾಗಿ ಹೋದರೆ ಗಣಿತ, ಭೌತವಿಜ್ಞಾನ ಎರಡೂ ನಿಂತವು. ಮಿಕ್ಕ ಆರು ಜನ ಅದನ್ನು ತುಂಬಲಾರರು. ವರದಿಯಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು ಎಂದಿರುತ್ತದೆ, ಯಾವ ವಿಷಯದ ಹುದ್ದೆ ಖಾಲಿ ಎಂದಿರುವುದಿಲ್ಲ. ಅತಿಥಿ ಶಿಕ್ಷಕರಿದ್ದರೆ ಅವರು ಯಾವ ತಿಂಗಳು ಬಂದರು ಎಂದು ಕೇಳಿ.

ಫಲಿತಾಂಶಕ್ಕೆ ಈ ವರದಿ ಪ್ರಯೋಜನವಿಲ್ಲ. ಮಂಡಳಿಯ ಫಲಿತಾಂಶದ ಜಾಲತಾಣವೂ ನೋಂದಣಿ ಸಂಖ್ಯೆ, ಹುಟ್ಟಿದ ದಿನಾಂಕ ಹಾಕಿದರೆ ಒಬ್ಬೊಬ್ಬರದನ್ನೇ ತೋರಿಸುತ್ತದೆ. ಇಡೀ ಶಾಲೆಯ ಪಟ್ಟಿ ಮುಖ್ಯ ಶಿಕ್ಷಕರ ಹತ್ತಿರ ಇರುತ್ತದೆ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸದಸ್ಯರ ಮೂಲಕ ಕೇಳಿದರೆ ಸಾಮಾನ್ಯವಾಗಿ ತೋರಿಸುತ್ತಾರೆ. ಶೇಕಡಾ ಬೇಡ, ತಲೆ ಎಣಿಸಿ. ಪರೀಕ್ಷೆಗೆ ಕೂತವರು 18 ಇದ್ದರೆ ಒಬ್ಬ ಫೇಲಾದರೂ ಶೇ 5.6 ಬಿದ್ದು ಹೋಗುತ್ತದೆ. ಮೂವರಾದರೆ ಶೇ 83. ಅಷ್ಟಕ್ಕೇ ಶಾಲೆ ಕೆಟ್ಟಿತು ಎನ್ನಲಾಗದು. ವರ್ಷಗಳನ್ನು ಹೋಲಿಸುವಾಗ ರಾಜ್ಯದ ಅಂಕಿಯೂ ಪಕ್ಕದಲ್ಲಿರಲಿ: 2023ರಲ್ಲಿ ಶೇ 83.89, ವೆಬ್‌ಕಾಸ್ಟಿಂಗ್ (ಪರೀಕ್ಷಾ ಕೊಠಡಿಯ ಕ್ಯಾಮೆರಾ ನಿಗಾ) ಬಂದ 2024ರಲ್ಲಿ ಕೃಪಾಂಕ ಸೇರಿಸಿಯೂ ಶೇ 73.40, 2025ರ ಪರೀಕ್ಷೆ-1ರಲ್ಲಿ (ಆ ವರ್ಷದ ಮೊದಲ ಸುತ್ತು) ಶೇ 62.34. 2023ರಲ್ಲಿ 85 ಇದ್ದ ಶಾಲೆ 2025ರಲ್ಲಿ 75ಕ್ಕೆ ಇಳಿದಿದ್ದರೆ ಅದು ಮುಂದೆ ಹೋಗಿದೆ, ಹಿಂದೆ ಬಿದ್ದಿಲ್ಲ. 2025-26ರಿಂದ ಉತ್ತೀರ್ಣಕ್ಕೆ ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಇದ್ದು ಒಟ್ಟು 206 ಅಂಕ ಬಂದರೆ ಸಾಕು, ಹಾಗಾಗಿ ಆ ವರ್ಷದ ಏರಿಕೆಯನ್ನು ಹಿಂದಿನದಕ್ಕೆ ತಾಳೆ ಹಾಕಬೇಡಿ. ಪರೀಕ್ಷೆ-1ರ ಪಟ್ಟಿಯೋ, ಆ ವರ್ಷದ ಎಲ್ಲ ಪರೀಕ್ಷೆ ಕೂಡಿಸಿದ್ದೋ ಎಂಬುದನ್ನೂ ಖಚಿತ ಮಾಡಿಕೊಳ್ಳಿ.

ಹುಡುಕುವ ಪುಟ ಮುಚ್ಚುವ ಮುಂಚೆ ಇನ್ನೊಂದು ಕೆಲಸ ಮಾಡಿ. ಅದೇ ಬ್ಲಾಕಿನಲ್ಲಿ 12ನೇ ತರಗತಿವರೆಗೆ ಇರುವ ಸಂಸ್ಥೆಗಳು ಯಾವುವು ಎಂದು ನೋಡಿ, ಶಾಲೆಯಿಂದ ಅಲ್ಲಿಗೆ ಬೆಳಗ್ಗೆ ಬಸ್ಸಿದೆಯೇ ಎಂದು ಊರಲ್ಲಿ ಕೇಳಿ. ಹೆಣ್ಣುಮಗುವಾಗಿದ್ದರೆ ಫಲಿತಾಂಶದ ಪಟ್ಟಿಗಿಂತ ಮೊದಲು ಇದನ್ನೇ ನೋಡಿ.