ಲಾಕ್‌ಡೌನ್‌ನಲ್ಲಿ ನಾನು ಬಳಸಿದ ನಿಮ್ಹಾನ್ಸ್ ಸಹಾಯವಾಣಿ

ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ 14416ಕ್ಕೆ ಕರೆ ಮಾಡಲೋ ಬೇಡವೋ ಎಂದು ಯೋಚಿಸುತ್ತಿರುವವರು ಇದನ್ನು ಓದಬೇಕು ಅಂತ ನನ್ನ ಆಸೆ. ನಾನು ಬಳಸಿದ್ದು ಅದಕ್ಕೂ ಮುಂಚಿನ ನಂಬರು, 080-46110007. 2020ರ ಮಾರ್ಚ್ ಕೊನೆಯಲ್ಲಿ, ಲಾಕ್‌ಡೌನ್ ಶುರುವಾದ ಹೊತ್ತಿಗೇ ನಿಮ್ಹಾನ್ಸ್ ತೆರೆದ ಸಹಾಯವಾಣಿ. ಫೀಸು ಇರಲಿಲ್ಲ, ಕನ್ನಡದಲ್ಲೇ ಮಾತಾಡಬಹುದಿತ್ತು.

ಆಗ ನನ್ನದು ಬೆಂಗಳೂರಲ್ಲಿ ಮೊದಲ ಕೆಲಸ. ಪಿಜಿ ಮುಚ್ಚಿದರು, ಕೊಪ್ಪದ ಹತ್ತಿರದ ನಮ್ಮೂರಿಗೆ ಬಂದೆ. ಜೂನ್‌ನಲ್ಲಿ ಕೆಲಸವೂ ಹೋಯಿತು. ಮಗ ಮನೆಯಲ್ಲೇ ಇದ್ದಾನೆ ಎಂದು ಅಮ್ಮನಿಗೆ ಖುಷಿ. ನನಗೆ ಬೆಳಗಿನ ಜಾವದವರೆಗೂ ನಿದ್ದೆ ಇಲ್ಲ, ಊಟ ಸೇರುತ್ತಿರಲಿಲ್ಲ, ಗೆಳೆಯರ ಫೋನ್ ಎತ್ತಲೂ ಮನಸ್ಸಿಲ್ಲ. ಹೇಳಿಕೊಳ್ಳೋಣ ಅಂದರೆ ಮನೆ ತುಂಬ ಜನ. ಲ್ಯಾಂಡ್‌ಲೈನ್ ಇರುವುದು ಜಗಲಿಯಲ್ಲಿ, ಅಜ್ಜಿಯ ಮಂಚದ ಪಕ್ಕ. ಮೊಬೈಲ್ ಸಿಗ್ನಲ್ ಬೇಕಾದರೆ ತೋಟ ದಾಟಿ ಗುಡ್ಡ ಹತ್ತಬೇಕು.

ಮೊದಲು ದುಡ್ಡು ಕಟ್ಟಿ ಒಂದು ಕೌನ್ಸೆಲಿಂಗ್ ಆಪ್ ಬಳಸಿ ನೋಡಿದೆ. ಎಲ್ಲ ಇಂಗ್ಲಿಷಿನಲ್ಲಿ, ಅದೂ ವಿಡಿಯೋ ಕಾಲ್. ಅಳು ಬಂದ ಹೊತ್ತಿಗೆ ಸರಿಯಾಗಿ ಲೈನ್ ಕಟ್ಟಾಯಿತು. ಮತ್ತೆ ಸೇರುವಷ್ಟರಲ್ಲಿ ಸಮಯ ಮುಗಿದಿತ್ತು, ದುಡ್ಡೂ ವಾಪಸ್ ಬರಲಿಲ್ಲ. ನಮ್ಮ ಮಲೆನಾಡಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಸಹಾಯವಾಣಿಗೆ ಬೇಕಾದದ್ದು ಬರೀ ಸಾದಾ ಕರೆ. ಕೊಡೆ ಹಿಡಿದುಕೊಂಡು ಗುಡ್ಡದ ಮೇಲೆ ನಿಂತು ಮಾಡಿದೆ. ಮಾತಾಡಿದವರು ಒಬ್ಬ ಮೇಡಂ. "ನೀವಿರೋ ಜಾಗದಲ್ಲಿ ಮನಸ್ಸು ಬಿಚ್ಚಿ ಮಾತಾಡಬಹುದಾ?" ಅಂತ ಮೊದಲು ಕೇಳಿದರು. ಆ ಒಂದು ಪ್ರಶ್ನೆಗೇ ನನಗೆ ಧೈರ್ಯ ಬಂತು. ನಿದ್ದೆ, ಊಟ, ಮನೆ, ಕೆಲಸ ಎಲ್ಲ ವಿಚಾರಿಸಿದರು. ಆಮೇಲೆ ನೇರವಾಗಿ, "ಸಾಯಬೇಕು ಅನ್ನಿಸುತ್ತಾ?" ಅಂದರು. ಒಮ್ಮೊಮ್ಮೆ ಅನ್ನಿಸುತ್ತೆ ಎಂದೆ. ಅವರು ಗಾಬರಿಯಾಗಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ಅಂಥ ಯೋಚನೆ ಯಾವಾಗ ಬರುತ್ತೆ, ಆಗ ಪಕ್ಕದಲ್ಲಿ ಯಾರಿರುತ್ತಾರೆ, ಯಾರಿಗೆ ಹೇಳಬಹುದು ಎಂದು ನಿಧಾನಕ್ಕೆ ಕೇಳುತ್ತಾ ಹೋದರು. ಹೀಗೆ ಬಾಯಿಬಿಟ್ಟು ಕೇಳಿದರೆ ಆ ಯೋಚನೆ ಜಾಸ್ತಿಯಾಗುತ್ತೆ ಅಂತ ಎಷ್ಟೋ ಜನ ನಂಬಿದ್ದಾರೆ. ಅದು ನಿಜವಲ್ಲ. ಅಂದು ರಾತ್ರಿಯೇ ಅಕ್ಕನಿಗೆ ಹೇಳುತ್ತೇನೆ ಎಂದು ನನ್ನಿಂದ ಮಾತು ತೆಗೆದುಕೊಂಡೇ ಫೋನ್ ಇಟ್ಟರು. ಹೇಳಿದೆ. ಅಕ್ಕ ಆ ವಾರವೆಲ್ಲ ನನ್ನ ಜೊತೆಗೇ ಇದ್ದಳು.

ಅವರು ಹೇಳಿಕೊಟ್ಟದ್ದು ಸಣ್ಣ ಸಣ್ಣ ವಿಷಯಗಳು. ನಿದ್ದೆ ಬರಲಿ ಬಿಡಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು. ರಾತ್ರಿ ಫೋನ್ ಹಾಸಿಗೆ ಹತ್ತಿರ ಇರಬಾರದು. ದಿನಕ್ಕೊಬ್ಬ ಗೆಳೆಯನ ಜೊತೆ ಮೆಸೇಜಿನಲ್ಲಲ್ಲ, ಬಾಯಲ್ಲಿ ಮಾತಾಡಬೇಕು. ಇಷ್ಟಾದರೂ ಕಡಿಮೆಯಾಗದಿದ್ದರೆ ಡಾಕ್ಟರನ್ನು ನೋಡಲೇಬೇಕು ಎಂದೂ ಹೇಳಿದರು, ಫೋನಿನಲ್ಲೇ ಎಲ್ಲ ಸರಿಹೋಗುತ್ತದೆ ಎಂಬ ಆಸೆ ಹುಟ್ಟಿಸಲಿಲ್ಲ. ನಾನು ಡಾಕ್ಟರನ್ನು ನೋಡಿದೆ, ಕೆಲವು ತಿಂಗಳು ಮಾತ್ರೆಯನ್ನೂ ತೆಗೆದುಕೊಂಡೆ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮವಿದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆ ಅದು. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ.

ನನ್ನೊಬ್ಬನಿಗೇ ಹೀಗೆ ಅಂದುಕೊಂಡಿದ್ದೆ. ಕೋವಿಡ್‌ನ ಮೊದಲ ವರ್ಷದಲ್ಲಿ ಆತಂಕ, ಖಿನ್ನತೆ ಜಗತ್ತಿನಾದ್ಯಂತ ಶೇ 25ರಷ್ಟು ಹೆಚ್ಚಾಯಿತು, ಹರೆಯದವರಿಗೆ ಮತ್ತು ಹೆಂಗಸರಿಗೆ ಪೆಟ್ಟು ಜಾಸ್ತಿ ಬಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅದೇ ವರ್ಷ ಅಕ್ಟೋಬರ್ 10ರಂದು ಟೆಲಿ ಮಾನಸ್ ಶುರುವಾಯಿತು. ನಂಬರು 14416. ಹಗಲು ರಾತ್ರಿ ಇರುತ್ತದೆ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾತಾಡಬಹುದು. ನನ್ನ ತಂಗಿಯ ಫೋನಿನಲ್ಲಿ ಅದನ್ನು ನಾನೇ ಸೇವ್ ಮಾಡಿಕೊಟ್ಟಿದ್ದೇನೆ.

ಮನೆಯ ದೊಡ್ಡವರಲ್ಲಿ ಒಂದು ಕೇಳಿಕೆ. ಮಗನೋ ಮಗಳೋ ಫೋನ್ ಹಿಡಿದು ಅಂಗಳದಾಚೆ ಹೋದರೆ ಹೋಗಲಿ ಬಿಡಿ. ವಾಪಸ್ ಬಂದ ಮೇಲೆ ಯಾರ ಹತ್ತಿರ ಇಷ್ಟು ಹೊತ್ತು ಮಾತು ಅಂತ ಕೇಳಬೇಡಿ.