ಕುಡಿತ ಬಿಡೋಕೆ ಯಾವ ಗುಂಪು? ನಾಲ್ಕು ಕಡೆ ಕೂತು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಳತೆ ಒಂದೇ. ಸಂಜೆ ಏಳರ ಹೊತ್ತಿಗೆ ಕಾಲು ತಾನಾಗಿ ಬಾರ್ ಕಡೆ ತಿರುಗುತ್ತದಲ್ಲ, ಆಗ ಆ ಗುಂಪು ಕೈಗೆ ಸಿಗುತ್ತದಾ ಇಲ್ಲವಾ? ಮಿಕ್ಕಿದ್ದೆಲ್ಲ ಆಮೇಲೆ. ಬೆಂಗಳೂರಿನಲ್ಲೂ ಊರಲ್ಲೂ ನಾಲ್ಕು ಥರದ ಗುಂಪುಗಳಲ್ಲಿ ಕೂತಿದ್ದೇನೆ, ಈ ಅಳತೆ ಹಿಡಿದೇ ಬರೆಯುತ್ತಿದ್ದೇನೆ.

ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಅಕ್ರಾನ್‌ನಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಡಾಕ್ಟರು, ಇಬ್ಬರೂ ಕುಡಿತದಿಂದ ಹಾಳಾದವರೇ, ಎದುರುಬದುರು ಕೂತು ಮಾತಾಡಿ ಶುರು ಮಾಡಿದ್ದು. ಇವತ್ತಿಗೂ ಅಲ್ಲಿ ನಡೆಯುವುದು ಅಷ್ಟೇ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೀಟಿಂಗ್‌ಗಳು ಬೇರೆಬೇರೆ ಇವೆ, ಎಷ್ಟೋ ಮೀಟಿಂಗ್ ಚರ್ಚ್ ಪಕ್ಕದ ಕೋಣೆಯಲ್ಲೋ ಶಾಲೆಯಲ್ಲೋ ನಡೆಯುತ್ತವೆ. ಚರ್ಚ್ ಅಂತ ಹಿಂದೆ ಸರಿಯಬೇಡಿ, ಅವರದ್ದು ಜಾಗ ಮಾತ್ರ. ಫೀಸಿಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು. ಒಂದು ಚೀಲ ಸುತ್ತು ಬರುತ್ತದೆ, ಇದ್ದರೆ ಹಾಕಿ, ಇಲ್ಲದಿದ್ದರೆ ಪಕ್ಕದವರಿಗೆ ದಾಟಿಸಿ. ಒಬ್ಬೊಬ್ಬರಾಗಿ ತಮ್ಮ ಕತೆ ಹೇಳುತ್ತಾರೆ, ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಕೊನೆಗೆ ಬುದ್ಧಿಯನ್ನೂ ಹೇಳುವುದಿಲ್ಲ. ಮನೆ, ಆಫೀಸು, ಮಾವನ ಮನೆ ಎಲ್ಲ ಕಡೆ ಬುದ್ಧಿವಾದ ಕೇಳಿ ಸುಸ್ತಾದವರಿಗೆ ಇದೊಂದೇ ದೊಡ್ಡ ಉಪಕಾರ ಅಲ್ವಾ?

ಇಂಗ್ಲಿಷ್ ಮೀಟಿಂಗ್‌ನಲ್ಲಿ ಹನ್ನೆರಡು ಹಂತಗಳನ್ನು, ಅಂದರೆ ಕುಡಿತ ಬಿಡೋಕೆ ಎಎ ಹಾಕಿಕೊಟ್ಟ ದಾರಿಯನ್ನು, ಓದಿ ಚೆನ್ನಾಗಿ ಚರ್ಚೆ ಮಾಡುತ್ತಾರೆ. ಆದರೆ ಹೆಂಡತಿಯ ಸರ ಅಡ ಇಟ್ಟ ಕತೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರೆ ಅದು ಇನ್ಯಾರದ್ದೋ ಕತೆಯಂತೆ ಕೇಳಿಸುತ್ತದೆ. ಕನ್ನಡದ್ದೇ ಹುಡುಕಿ. ದೇವರ ಮಾತು ಎರಡರಲ್ಲೂ ಬರುತ್ತದೆ, ನಿಮಗೆ ತಿಳಿದ ದೇವರು ಯಾರಾದರೂ ನಡೆಯುತ್ತದೆ ಅನ್ನುತ್ತಾರೆ, ನಾಸ್ತಿಕರಿಗೆ ಸ್ವಲ್ಪ ಕಿರಿಕಿರಿ ಆಗಬಹುದು.

ಇನ್ನು ಊರ ಕಡೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ ನಿಮಗೂ ಗೊತ್ತಿರುತ್ತದೆ. ಎಂಟು ದಿನ ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ವಾಸ. ಯೋಗ, ಭಜನೆ, ಆಪ್ತಸಲಹೆ ಇರುತ್ತದೆ, ಮನೆಯವರನ್ನೂ ಕರೆಸುತ್ತಾರೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ, ನಾನು ಹೇಳುತ್ತಿರುವ ಗುಂಪು ಅದೇ. ನೂರು ದಿನ ದಾಟಿದರೆ ಶತದಿನೋತ್ಸವ ಅಂತ ವೇದಿಕೆ ಕಾರ್ಯಕ್ರಮ. ಎಎಯಲ್ಲಿ ಹೆಸರು ಗುಟ್ಟು, ಇಲ್ಲಿ ಎಲ್ಲ ಬಹಿರಂಗ. ಮೊದಮೊದಲು ಮುಜುಗರ ಆಯಿತು. ಆದರೆ ಊರಲ್ಲಿ ಯಾರು ಕುಡಿಯುತ್ತಾರೆ ಅನ್ನುವುದು ಯಾವತ್ತು ಗುಟ್ಟಾಗಿತ್ತು ಹೇಳಿ? ಕುಡಿದು ಬಿದ್ದದ್ದನ್ನು ನೋಡಿದ ಊರೇ ಬಿಟ್ಟದ್ದನ್ನೂ ನೋಡಲಿ. ಎಲ್ಲರೆದುರು ಶಾಲು ಹೊದಿಸಿಕೊಂಡವನನ್ನು ಬಾ ಒಂದು ಪೆಗ್ ಹಾಕು ಅಂತ ಕರೆಯೋಕೆ ಗೆಳೆಯರೂ ಹಿಂದೆಮುಂದೆ ನೋಡುತ್ತಾರೆ. ಕಷ್ಟ ಇರುವುದು ರಜೆಯದ್ದು. ಪ್ರೈವೇಟ್ ಕಂಪನಿಯಲ್ಲಿ ಎಂಟು ದಿನ ಕೇಳಿದರೆ ಕಾರಣ ಹೇಳಬೇಕು. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಆ ಸಮಿತಿಯೂ ಬಸ್ಸು ಹತ್ತಿ ಹೋಗಬೇಕಾದಷ್ಟು ದೂರ.

ಆಸ್ಪತ್ರೆಯ ಗುಂಪನ್ನು ಇವುಗಳ ಪಕ್ಕ ಇಟ್ಟು ಹೋಲಿಸುವುದೇ ಸರಿಯಲ್ಲ, ಅದರ ಕೆಲಸ ಬೇರೆ. ಬೆಳಗ್ಗೆ ಎದ್ದಕೂಡಲೇ ಕೈ ನಡುಗುವವರು, ಒಂದು ಗುಟುಕು ಇಲ್ಲದೆ ಹಲ್ಲುಜ್ಜಲಾಗದವರು ಯಾವ ಗುಂಪಿಗೂ ಮೊದಲು ಡಾಕ್ಟರ ಹತ್ತಿರ ಹೋಗಬೇಕು. ಅಷ್ಟು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲೇ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೇ ಅಪಾಯ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ. ನಾನು ಹೋಗುತ್ತಿದ್ದ ಆಸ್ಪತ್ರೆಯ ಗುಂಪು ಹಗಲು ಹೊತ್ತು ನಡೆಯುತ್ತಿತ್ತು. ಮಾತ್ರೆ, ಲಿವರ್, ನಿದ್ದೆ ಬಗ್ಗೆ ಅಲ್ಲಿ ಕಲಿತಷ್ಟು ಬೇರೆಲ್ಲೂ ಕಲಿಯಲಿಲ್ಲ. ಸಂಜೆ ಮಾತ್ರ ಅಲ್ಲಿ ಯಾರೂ ಇರುವುದಿಲ್ಲ.

ಆನ್‌ಲೈನ್ ಮೀಟಿಂಗ್ ಮಳೆಗಾಲಕ್ಕೆ, ಪ್ರಯಾಣಕ್ಕೆ, ದುಬೈಯಲ್ಲೋ ಮುಂಬೈಯಲ್ಲೋ ಇರುವ ಕನ್ನಡದವರಿಗೆ ಒಳ್ಳೆಯದು. ನನಗೆ ಸಾಲದು. ಕ್ಯಾಮೆರಾ ಆಫ್ ಮಾಡಿ ಗ್ಲಾಸ್ ಹಿಡಿದು ಕೂತರೂ ಯಾರಿಗೂ ವಾಸನೆ ಬರುವುದಿಲ್ಲ ನೋಡಿ.

ಹಾಗಾಗಿ ನನ್ನ ಅಳತೆಯಲ್ಲಿ ಗೆದ್ದದ್ದು ಮನೆ ಹತ್ತಿರದ ಕನ್ನಡ ಎಎ ಮೀಟಿಂಗ್. ಕಾರಣ ಹಂತಗಳೂ ಅಲ್ಲ, ಪ್ರಾರ್ಥನೆಯೂ ಅಲ್ಲ. ಸ್ಪಾನ್ಸರ್ ಅಂತ ಒಬ್ಬ ಹಳೆಯ ಸದಸ್ಯರು ಸಿಗುತ್ತಾರೆ, ಏಳಕ್ಕೆ ಫೋನ್ ಮಾಡಿದರೆ ಏಳಕ್ಕೇ ಎತ್ತುತ್ತಾರೆ. ನಾನು ಎರಡು ವಾರ ಕಾಣದಿದ್ದರೆ ಅವರೇ ಮಾಡುತ್ತಾರೆ. ಊರಲ್ಲೇ ಇದ್ದಿದ್ದರೆ ನವಜೀವನ ಸಮಿತಿಯನ್ನೇ ಆರಿಸುತ್ತಿದ್ದೆ, ಅನುಮಾನವೇ ಇಲ್ಲ. ನಮ್ಮ ಮನೆಯವರು ಅಲ್-ಅನಾನ್‌ಗೆ ಹೋಗುತ್ತಾರೆ, ಅದು ಕುಡಿಯುವವರ ಮನೆಯವರಿಗೇ ಇರುವ ಬೇರೆ ಗುಂಪು. ಅಲ್ಲಿ ಏನು ಮಾತಾಡುತ್ತಾರೋ ನಾನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಹುಡುಕುವವರಿಗೆ: ಪಟ್ಟಿಯಲ್ಲಿರುವ ವಿಳಾಸ ನಂಬಿ ಸುಮ್ನೆ ಹೊರಡಬೇಡಿ, ಜಾಗ ಬದಲಾಗುತ್ತಿರುತ್ತದೆ, ಫೋನ್ ಮಾಡಿ ಕೇಳಿ. ವ್ಯಸನಮುಕ್ತಿಗೆ ಸರ್ಕಾರದ ಸಹಾಯವಾಣಿ 14446, ಮನಸ್ಸಿನ ಸಮಸ್ಯೆಗೆ ಟೆಲಿ ಮಾನಸ್ 14416. ಜೊತೆಗೆ ಅಣ್ಣನನ್ನೋ ಗೆಳೆಯನನ್ನೋ ಕರೆದುಕೊಂಡು ಹೋಗಬೇಕೆಂದಿದ್ದರೆ ಓಪನ್ ಮೀಟಿಂಗ್ ಯಾವತ್ತು ಅಂತ ಕೇಳಿ, ಕ್ಲೋಸ್ಡ್ ಮೀಟಿಂಗ್‌ಗೆ ಕುಡಿತ ಬಿಡಬೇಕೆಂದಿರುವವರನ್ನು ಮಾತ್ರ ಬಿಡುತ್ತಾರೆ.